ದಾಕ್ಷಾಯಣಿಯ ಬಿಳಿ ಹೊಗೆ

ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಗೆಂದು ಎಲ್ಲರೂ ಪುಸ್ತಕ ಹಿಡಿದು ಕೂತರೆ, ದಾಕ್ಷಾಯಣಿ ಲ್ಯಾಬಿನ ಅಟೆಂಡರ್ ತಿಪ್ಪೇಸ್ವಾಮಿಗೆ ವಾರವಿಡೀ ಅಮ್ಮ ಮಾಡಿದ ಚಕ್ಕುಲಿ ತಿನ್ನಿಸಿದಳು. ಪರೀಕ್ಷೆಯ ಹಿಂದಿನ ದಿನ ಆತ ಬಾಯಿಬಿಟ್ಟ.

"ನಿನ್ನ ನಂಬರಿಗೆ ಬರೋದು ಅಮೋನಿಯಂ ಕ್ಲೋರೈಡ್ ಕಣವ್ವ. ನನ್ನ ಹೆಸರು ಮಾತ್ರ ಎತ್ತಬೇಡ."

ಆ ಒಂದು ಲವಣದ ಪರೀಕ್ಷೆಗಳನ್ನಷ್ಟೇ ಅವಳು ಬಾಯಿಪಾಠ ಮಾಡಿದಳು. ನಡುವೆ ಎಲ್ಲಿ ಸ್ವಲ್ಪ ಅನುಮಾನಪಟ್ಟಂತೆ ಬರೆಯಬೇಕು ಎಂಬುದನ್ನೂ ಯೋಚಿಸಿಟ್ಟುಕೊಂಡಳು.

ಮರುದಿನ ಲ್ಯಾಬಿನಲ್ಲಿ, ಕೊಟ್ಟ ಪುಡಿಯತ್ತ ತಿರುಗಿಯೂ ನೋಡದೆ ಅರ್ಧ ಗಂಟೆಯಲ್ಲಿ ಬರೆದು ಎದ್ದಳು. ಉಳಿದವರೆಲ್ಲ ಕೈಕಟ್ಟಿ ಕೂತು ಬಾಗಿಲ ಕಡೆ ನೋಡುತ್ತಿದ್ದರು. ವರ್ಷವಿಡೀ ಓದಿದವರ ಗತಿ ಇಷ್ಟೇ ಎಂದು ಅವಳಿಗೆ ಒಳಗೊಳಗೇ ನಗು ಬಂತು.

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಅವಳ ಹಾಳೆಯನ್ನು ಎರಡು ಸಲ ಓದಿದರು.

"ಪುಡಿ ಬಿಸಿ ಮಾಡಿದಾಗ ಏನಾಯ್ತಮ್ಮ?"

"ದಟ್ಟವಾಗಿ ಬಿಳಿ ಹೊಗೆ ಬಂತು ಸರ್."

"ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕಾಯಿಸಿದಾಗ?"

"ಅಮೋನಿಯಾ ವಾಸನೆ ಮೂಗಿಗೆ ಹೊಡೀತು ಸರ್. ಕಣ್ಣಲ್ಲಿ ನೀರೇ ಬಂದ್ಬಿಡ್ತು." ಹೇಳುತ್ತ ಹೇಳುತ್ತ ಅವಳು ಕಣ್ಣನ್ನೂ ಒರೆಸಿಕೊಂಡಳು.

ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಾ ಸರಿಯಾಗೇ ಬರೆದಿದ್ದೀಯ. ಬೆಳಿಗ್ಗೆಯಿಂದ ಇಡೀ ಲ್ಯಾಬು ಗ್ಯಾಸ್ ಸಿಲಿಂಡರ್ ಬರ್ಲಿ ಅಂತ ಕೂತಿದೆ. ನೀನು ಎಲ್ಲಿ ಕಾಯಿಸಿದೆ ಅಂತ ಹೇಳಮ್ಮ, ಇವರನ್ನೂ ಅಲ್ಲಿಗೇ ಕಳಿಸ್ತೀನಿ."