ಬೀದಿಗೊಬ್ಬನೇ ಚಾಂಪಿಯನ್

ಐವತ್ತರ ಹೊಸ್ತಿಲಲ್ಲಿದ್ದ ವಾದಿರಾಜ ಬಾಲ್ಯದ ವಿಡಿಯೋ ಗೇಮನ್ನು ಅಟ್ಟದಿಂದ ಇಳಿಸಿದ. ಕ್ಯಾಸೆಟ್ಟಿಗೆ ಉಫ್ ಎಂದು ಊದಿ, ಸಿಕ್ಕಿಸಿ, ಟಿ.ವಿ. ಹಾಕಿದ.

“ಒಂದು ಸ್ಟೇಜ್ ಗೆದ್ದು ತೋರಿಸಿ, ಇಟ್ಕೊಳ್ಳೋಣ. ಇಲ್ಲಾಂದ್ರೆ ಇವತ್ತೇ ಗುಜರಿಗೆ,” ಎಂದಳು ಹೆಂಡತಿ ಪ್ರಫುಲ್ಲಾ. ‘ನಮ್ಮ ಬೀದಿಗೆಲ್ಲ ನಾನೇ ಚಾಂಪಿಯನ್’ ಎಂಬ ಮಾತನ್ನು ಮದುವೆಯಾದಾಗಿನಿಂದ ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು.

ಪರದೆಯ ಮೇಲೆ ಟ್ಯಾಂಕು ಹೊರಟಿತು.

“ಕನ್ನಡಕ ಹಾಕ್ಕೊಳ್ರೀ, ಕೆಳಗಡೆ ಏನೋ ಅಕ್ಷರ ಮಿನುಗ್ತಿದೆ.”

“ಕಣ್ಣು ಮುಚ್ಕೊಂಡು ಆಡೋ ಆಟ ಕಣೇ ಇದು!”

ಗೇಮಿನ ರಿಮೋಟಿನ ಗುಂಡಿಗಳ ಮೇಲೆ ಅವನ ಹೆಬ್ಬೆರಳುಗಳು ಕುಣಿದವು. ಟ್ಯಾಂಕು ಗೋಡೆ ಒಡೆದು, ತಿರುಗಿ, ಶತ್ರುವನ್ನು ಉಡಾಯಿಸಿತು.

“ನೋಡಿದ್ಯಾ? ನಾನು ಒತ್ತೋಕೆ ಮುಂಚೇನೇ ತಿರುಗುತ್ತೆ. ಇದಕ್ಕೇ ಅನುಭವ ಅನ್ನೋದು!”

ಪ್ರಫುಲ್ಲಾ ಒಳಗೆ ಹೋಗಿ ಕಾಫಿ ತಂದಳು. ಅವನು ರಿಮೋಟನ್ನು ಚಾಪೆಯ ಮೇಲಿಟ್ಟು, ಗೆದ್ದವನ ಗತ್ತಿನಲ್ಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನಿಧಾನವಾಗಿ ಕುಡೀರಿ,” ಎಂದಳು ಅವಳು, ಟಿ.ವಿ.ಯ ಕೆಳಗಡೆ ಮಿನುಗುತ್ತಿದ್ದ ‘ಡೆಮೊ’ ಎಂಬ ಅಕ್ಷರಗಳನ್ನು ನೋಡುತ್ತ. “ನಿಮ್ಮ ಟ್ಯಾಂಕು ಅದರ ಪಾಡಿಗೆ ಅದು ಇನ್ನಿಬ್ಬರನ್ನ ಹೊಡೀತು.”