ಎಣ್ಣೆ ಮುಚ್ಚಳ

"ಹೊಸ ತಂತಿ ಹಾಕ್ಸಿ ಮೋಟ್ರು ಕಟ್ಟಿಸ್ಕೊಂಡು ಬಾ ಅಂತ ದುಡ್ಡು ಕೊಟ್ರೆ ಹಳೇ ತಂತಿ ಸುತ್ತಿಸ್ಕೊಂಡು ಬಂದಿದೀಯಲ್ಲೋ, ಕಳ್ಳ ನನ್ಮಗನೇ!"

ಹಾಲಸ್ವಾಮಿ ಬಾಮೈದ ಮಲ್ಲೇಶನ ಮೇಲೆ ಹರಿಹಾಯ್ದ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ನಾಲ್ಕು ಸುತ್ತು ಮುಕ್ಕರಿಸಿ ಮತ್ತೆ ಟ್ರಿಪ್ಪಾಗಿ ನಿಂತಿತ್ತು. ಹೊರಗೆ ತಿಪಟೂರಿನ ಹರಾಜಿಗೆ ಹೊರಟಿದ್ದ ಕೊಬ್ಬರಿ ಟೆಂಪೋದವನು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದ.

"ಬೆಲ್ಟ್ ಬಿಚ್ಚಿದ್ರೆ ಮೋಟ್ರು ಸಲೀಸಾಗಿ ತಿರುಗ್ತದೆ ಭಾವ. ಪಂಪಿನ ಚಕ್ರನೇ ಬಿಗಿಯಾಗಿದೆ, ಕೈ ಹಾಕಿ ನೋಡಿ."

"ನನ್ನ ಅನ್ನ ತಿಂದು ನನಗೇ ಟೋಪಿ ಹಾಕ್ತೀಯಾ?"

ಮಲ್ಲೇಶನ ಮುಖ ಕಪ್ಪಿಟ್ಟಿತು. "ಅನ್ನದ ಮಾತು ಆಡ್ಬುಟ್ರಲ್ಲ. ಅಕ್ಕಂಗೆ ಹೇಳ್ಬುಡಿ, ಹೋಯ್ತೀನಿ." ಅಂಗಡಿಯ ಬೀಗದ ಕೈಯನ್ನು ಕಂಪ್ರೆಸರ್ ಟ್ಯಾಂಕಿನ ಮೇಲಿಟ್ಟು ನಡೆದೇಬಿಟ್ಟ.

ಸೊಂಟ ಬಿದ್ದ ಹಾಲಸ್ವಾಮಿಗೆ ಅವನಿಲ್ಲದೆ ಒಂದು ಟಯರೂ ಬಿಚ್ಚಲಾಗದು. ದಿಕ್ಕು ತೋಚದೆ ಪಂಪಿನ ಚಕ್ರಕ್ಕೆ ಕೈ ಹಾಕಿದ. ಅದು ಅಲ್ಲಾಡಲೊಲ್ಲದು. ಎಣ್ಣೆ ಮುಚ್ಚಳ ತೆಗೆದು ಬೆರಳಿಟ್ಟರೆ ಬೆಳ್ಳಗೆ, ತುಪ್ಪದಂತೆ ಮೆತ್ತಿಕೊಂಡಿತು. ನಿನ್ನೆ ಆಯಿಲ್ ಮುಗಿದಾಗ, ಮನೆಯ ಕೊಬ್ಬರಿ ಎಣ್ಣೆಗಿಂತ ಚೊಕ್ಕಟವಾದದ್ದು ಯಾವುದಿದೆ ಎಂದು ಸುರಿದವನು ತಾನೇ. ಮಾಗಿಯ ಚಳಿಗೆ ಅದು ಹೆಪ್ಪುಗಟ್ಟಿತ್ತು.

"ಮಲ್ಲೇಶಾ! ಲೋ ಮಲ್ಲೇಶಾ!"

ಕುಂಟುತ್ತಾ ರಸ್ತೆಗೆ ಓಡಿದ. ಮಲ್ಲೇಶ ಹತ್ತಿದ ಬಸ್ಸು ಆಗಲೇ ಕಂದಿಕೆರೆ ತಿರುವು ದಾಟಿತ್ತು. ಬೀಗದ ಕೈ ಟ್ಯಾಂಕಿನ ಮೇಲೆಯೇ ಉಳಿಯಿತು. ಮಲ್ಲೇಶ ಮತ್ತೆ ಆ ಅಂಗಡಿಗೆ ಕಾಲಿಡಲಿಲ್ಲ.