ಅಪ್ಪ ಕುಣಿಯಬಾರದು

"ನೀನು ಏಳನೇ ಕ್ಲಾಸ್ ಮುಗಿಸೋ ದಿನ ಇಡೀ ಸ್ಕೂಲ್ ಮುಂದೆ ನಿನಗೋಸ್ಕರ ಕುಣೀತೀನಿ. ಈಗ ನನ್ನ ಕಾಲು ಬಿಡು, ತಾಯಿ."

ಏಳು ವರ್ಷದ ಹಿಂದೆ ಟುಕುಯು ಊರಿನ ಪ್ರಾಥಮಿಕ ಶಾಲೆಯ ಗೇಟಿನಲ್ಲಿ ಗ್ವಾಕಿಸಾ ಮಗಳಿಗೆ ಕೊಟ್ಟ ಮಾತು ಅದು. ಒಂದನೇ ತರಗತಿಯ ಮೊದಲ ದಿನ. ಟುಂಪೆ ಅವನ ಮೊಣಕಾಲು ತಬ್ಬಿಕೊಂಡು ಊರೇ ಕೇಳುವಂತೆ ಅಳುತ್ತಿದ್ದಳು. ಅಪ್ಪ ಕುಣಿಯುತ್ತಾನೆಂದ ಕೂಡಲೇ ಅಳು ನಿಂತಿತು. ಮದುವೆಮನೆಯಲ್ಲೂ ಕುರ್ಚಿಗೆ ಬೆಸುಗೆ ಹಾಕಿದಂತೆ ಕೂತುಬಿಡುವ ಮನುಷ್ಯ ಅವನು. ಹೊಟ್ಟೆಪಾಡೂ ಅದೇ, ಗೇಟು ಕಿಟಕಿಗಳಿಗೆ ಬೆಸುಗೆ ಹಾಕುವುದು.

ಈ ಕೊನೆಯ ವರ್ಷ ಶುರುವಾದಾಗ ಹೆಡ್‌ಮಾಸ್ಟರು ತಂದೆತಾಯಿಯರನ್ನೆಲ್ಲ ಕರೆಸಿ, ಮುಂದೆ ಏನೇನು ಕಾದಿದೆಯೆಂದು ಹೇಳಿದ್ದರು. ಮಕ್ಕಳು ಸಿಡುಕುತ್ತಾರೆ, ನಿದ್ದೆಗೆಡುತ್ತಾರೆ, ಸೆಪ್ಟೆಂಬರಿನ ಪರೀಕ್ಷೆ ಹತ್ತಿರ ಬಂದಂತೆ ಊಟ ಬಿಡುತ್ತಾರೆ. ಗ್ವಾಕಿಸಾ ಎಲ್ಲವನ್ನೂ ಒಂದು ರಟ್ಟಿನ ಚೂರಿನ ಮೇಲೆ ಬರೆದುಕೊಂಡು ಬಂದಿದ್ದ. ಆದರೆ ಅದೊಂದೇ ವರ್ಷದಲ್ಲಿ ಅಪ್ಪಂದಿರು ಕಣ್ಣಿಂದ ನೋಡಲಾಗದಷ್ಟು ಕೆಟ್ಟುಹೋಗುತ್ತಾರೆಂದು ಹೆಡ್‌ಮಾಸ್ಟರು ಹೇಳಿರಲಿಲ್ಲ. ಟುಂಪೆ ಸಿಡುಕಲಿಲ್ಲ, ನಿದ್ದೆಗೆಡಲಿಲ್ಲ, ಉಗಾಲಿ ಮುದ್ದೆಯನ್ನು ಎರಡೆರಡು ಸಲ ಹಾಕಿಸಿಕೊಂಡಳು. ಬೀದಿಯಲ್ಲಿ ಮಾತ್ರ ಅಪ್ಪನಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯತೊಡಗಿದಳು. ಅವನು ನಕ್ಕರೆ ಜೋರು, ಚಹಾ ಹೀರಿದರೆ ಪಕ್ಕದ ಕೇರಿಗೂ ಸದ್ದು, ಅಂಗಿ ತುಂಬ ಕಿಡಿ ಬಿದ್ದ ತೂತು. ಈ ತೂತುಗಳೆಲ್ಲ ಹೋದ ವರ್ಷವೂ ಇದ್ದವಲ್ಲ ಎಂದು ಗ್ವಾಕಿಸಾ ಕನ್ನಡಿಯ ಮುಂದೆ ನಿಂತು ಯೋಚಿಸಿದ್ದುಂಟು.

ಆ ಶಾಲೆಯಲ್ಲಿ ಬೀಳ್ಕೊಡುಗೆ ನಡೆಯುವುದು ಪರೀಕ್ಷೆಗೆ ವಾರ ಮೊದಲೇ. ಪಾಸೋ ಫೇಲೋ ದೇವರಿಗೆ ಗೊತ್ತು, ಹಾರ ಮಾತ್ರ ಮುಂಗಡ. ಮೈಕಿನಲ್ಲಿ ಹೆಸರು ಕರೆದಾಗ ಆ ಮಗುವಿನ ಮನೆಯವರು ಹಾಡಿಗೆ ತಕ್ಕಂತೆ ಕುಣಿಯುತ್ತ ಬಂದು, ಮಿಂಚುವ ಜರಿಹಾರ ಹಾಕಬೇಕು. ಗ್ವಾಕಿಸಾ ತನ್ನ ಬೆಸುಗೆ ಶೆಡ್ಡಿನ ಬಾಗಿಲು ಮುಂದೆ ಮಾಡಿಕೊಂಡು, ಮೊಬೈಲಿನಲ್ಲಿ ಹಾಡು ಹಾಕಿ, ಅಭ್ಯಾಸಕ್ಕೆ ಇಳಿದ.

"ಇದು ಕುಣಿತಾನಾ? ಸಗಣಿ ಮೆಟ್ಟಿದೋರು ಚಪ್ಪಲಿ ಒರೆಸ್ಕೊಳ್ಳೋ ಹಾಗಿದೆ," ಎಂದಳು ಇಣುಕಿದ ಹೆಂಡತಿ ಸುಬಿಲಾಗಾ.

ಅವಳ ಹಿಂದೆಯೇ ಟುಂಪೆ ಬಂದು ನಿಂತಿದ್ದಳು. "ಅಪ್ಪಾ, ಇದನ್ನ ಸ್ಕೂಲಲ್ಲಿ ಮಾಡ್ತೀಯಾ?"

"ಮಾತು ಕೊಟ್ಟಿದೀನಲ್ಲಮ್ಮ."

"ಆಗ ನಂಗೆ ಬುದ್ಧಿ ಇರಲಿಲ್ಲ. ನಿಂಗಾದ್ರೂ ಇರಬೇಕಿತ್ತು. ನಮ್ಮ ಬೆಂಚಿನ ಅಟುಪೆಲೆ ಪುಣ್ಯವಂತೆ. ಅವಳಿಗಿರೋದು ಅಜ್ಜಿ ಒಬ್ಬಳೇ, ಅಜ್ಜಿಗೆ ಮಂಡಿನೋವು. ಬೇಕಂದ್ರೂ ಕುಣಿಯಕ್ಕಾಗಲ್ಲ."

"ನಾನು ಕುಣೀದೇ ಇದ್ರೆ ನಿಂಗೆ ಅಷ್ಟು ಖುಷಿನಾ?"

"ಪರೀಕ್ಷೆ ಪಾಸಾದಷ್ಟು."

ಗ್ವಾಕಿಸಾ ಹಾಡು ನಿಲ್ಲಿಸಿದ.

ಬೀಳ್ಕೊಡುಗೆಯ ದಿನ ಟುಂಪೆಯ ಹೆಸರು ಕರೆದಾಗ ಅವನು ಕಚೇರಿಗೆ ಅರ್ಜಿ ಕೊಡಲು ಹೋಗುವವನಂತೆ ನೆಟ್ಟಗೆ ನಡೆದುಹೋಗಿ ಹಾರ ಹಾಕಿದ. ಪಿಲಾವಿನ ಹಂಡೆಯ ಬಳಿ ಪಾಳಿಯಲ್ಲಿದ್ದ ಸುಬಿಲಾಗಾ ಸೌಟು ಹಿಡಿದೇ ಓಡಿಬಂದು, ಚೆಂದಕ್ಕೆ ನಾಲ್ಕು ಹೆಜ್ಜೆ ಕುಣಿದು, ಮತ್ತೆ ಹಂಡೆಗೆ ಓಡಿದಳು. ಅಮ್ಮಂದಿರಿಗೆ ನಿಷೇಧವಿರಲಿಲ್ಲ. ಗ್ವಾಕಿಸಾ ಪಕ್ಕಕ್ಕೆ ಬಂದು ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತ.

ಆಮೇಲೆ ಕರೆದದ್ದು ಅಟುಪೆಲೆಯ ಹೆಸರು. ಹಾಡು ಶುರುವಾಯಿತು. ಯಾರೂ ಬರಲಿಲ್ಲ. ಮೈಕಿನವನು ಇನ್ನೊಮ್ಮೆ ಕರೆದ. ಅಜ್ಜಿ ಬರಬೇಕಾದ ಬೆಟ್ಟದ ಕಡೆಯ ಬಸ್ಸು ಇನ್ನೂ ಬಂದಿಲ್ಲವೆಂದು ಯಾರೋ ಹೇಳಿದರು. ಹುಡುಗಿ ಗೇಟನ್ನೇ ನೋಡುತ್ತ ನಿಂತಿದ್ದಳು, ಅವಳ ಗಲ್ಲ ಅದುರುತ್ತಿತ್ತು. ಏಳು ವರ್ಷದ ಹಿಂದೆ ಅದೇ ಗೇಟಿನಲ್ಲಿ ಅಂಥದೇ ಗಲ್ಲವೊಂದನ್ನು ಗ್ವಾಕಿಸಾ ನೋಡಿದ್ದ.

ಟುಂಪೆ ಸಾಲು ಬಿಟ್ಟು ದಡದಡ ಬಂದಳು. ತನ್ನ ಕೊರಳಿನ ಹಾರ ತೆಗೆದು ಅಪ್ಪನ ಕೈಗೆ ತುರುಕಿದಳು.

"ಹೋಗಪ್ಪಾ."

"ನಡ್ಕೊಂಡು ಹೋಗ್ಲಾ?"

"ಅಯ್ಯೋ, ನಡ್ಕೊಂಡಾ? ಕುಣಿ! ಶೆಡ್ಡಲ್ಲಿ ಕುಣಿದೆಯಲ್ಲ, ಹಾಗೇ."

ಗ್ವಾಕಿಸಾ ಕುಣಿದ. ಹಾಡು ಒಂದು ದಿಕ್ಕಿಗೆ, ಅವನ ಕಾಲು ಇನ್ನೊಂದು ದಿಕ್ಕಿಗೆ. ಸೊಂಟ ಎಲ್ಲಿಗೂ ಹೋಗಲಿಲ್ಲ. ಅರ್ಧ ದಾರಿಯಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತು ಚಪ್ಪಲಿ ಹೆಡ್‌ಮಾಸ್ಟರ ಮೇಜಿನತ್ತ ಹಾರಿತು. ಮಕ್ಕಳು ಬೆಂಚು ಹತ್ತಿದರು, ಸುಬಿಲಾಗಾ ಸೌಟಿನಿಂದ ಹಂಡೆ ಬಡಿದಳು, ಮೈಕಿನವನು ಕೇಳದೆಯೇ ಅದೇ ಹಾಡನ್ನು ಮತ್ತೆ ಹಾಕಿದ. ಅಳಲು ಹೊರಟಿದ್ದ ಅಟುಪೆಲೆ ಬಿಕ್ಕಳಿಕೆ ಬರುವಷ್ಟು ನಕ್ಕು, ಹಾರ ಹಾಕಿಸಿಕೊಳ್ಳಲು ತಲೆ ಬಗ್ಗಿಸಿದಳು.

ಸಂಜೆ ಮನೆಗೆ ಹೊರಟಾಗ ಟುಂಪೆ ಎಂದಿನಂತೆ ಅಪ್ಪನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಕೊರಳು ಬರಿದಾಗಿತ್ತು, ಕೈಯಲ್ಲಿ ಅಪ್ಪನ ಕಿತ್ತ ಚಪ್ಪಲಿ ತೂಗುತ್ತಿತ್ತು.

ಸ್ವಂತ ಮಗಳಿಗೋಸ್ಕರ ಕುಣಿಯುತ್ತೇನೆಂದು ಕೊಟ್ಟ ಮಾತನ್ನು ಗ್ವಾಕಿಸಾ ಉಳಿಸಿಕೊಳ್ಳಲಿಲ್ಲ.